ಜೋಳದ ತಾಲೀಮು, ಅಕ್ಕಿಯ ತಾಲೀಮು

ಶಾಂತಾ, ಆಟಗಾರ ಹುಡುಗರ ವಸತಿ ನಿಲಯದಲ್ಲಿ ನಿನಗೆ ಅಡುಗೆಯ ಕೆಲಸ ಸಿಕ್ಕಿತೆಂದು ಕೇಳಿ ಸಂತೋಷವಾಯಿತು. ಆದರೆ ನೀನು “ಅದರಾಗೇನೈತಿ ಅಜ್ಜಿ, ಬೇಯಸೋದು, ಹಾಕೋದು” ಎಂದೆಯಲ್ಲ, ಆಗ ಹೆದರಿಕೆಯೂ ಆಯಿತು. ಮೈ ಬಗ್ಗಿಸಿ ಆಡುವ ಗಂಡಸರಿಗೆ ಬೇಯಿಸಿ ಹಾಕುವುದೆಂದರೆ ಏನೆಂದು ನಿನಗೆ ಹೇಳಬೇಕು. ಬಾಯಲ್ಲಿ ಹೇಳೋಣವೆಂದರೆ ಮನೆಯಲ್ಲಿ ನಾಲ್ಕು ಜನ ಕೂಡಿದ ಕೂಡಲೇ ನನ್ನ ಮಾತು ಸೆರಗಿನೊಳಗೆ ಹೊಕ್ಕು ಕೂಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇರಕಲ್ಲಗಡದ ಐಗಳ ಸಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಲಿತ ಅಕ್ಷರ ಇವು. ತಪ್ಪಿದ್ದರೆ ನಿನ್ನ ತಮ್ಮಂದಿರು ನಕ್ಕು ತಿದ್ದಿಕೊಳ್ಳಲಿ.

ಅವರೂ ಇದನ್ನು ಓದಲಿ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಮುದುಕರು “ಕೊಪ್ಪಳದ ತಾಲೀಮು ದೊಡ್ಡದೋ, ಗಂಗಾವತಿ ತಾಲೀಮು ದೊಡ್ಡದೋ” ಎಂದು ಇನ್ನೂ ಜಗಳವಾಡುತ್ತಾರೆ, ಇವರು ಚಹಾ ಕುಡಿಯುತ್ತ ಕೇಳಿ ಬಂದು ನನ್ನ ಮುಂದೆ ಮತ್ತೆ ಅದನ್ನೇ ಆಡುತ್ತಾರೆ. ಎರಡೂ ತಾಲೀಮು ಮುಚ್ಚಿ ಎಷ್ಟೋ ವರ್ಷವಾಯಿತು. ಒಂದರ ಜಾಗದಲ್ಲಿ ಸೈಕಲ್ ಅಂಗಡಿ ಇದೆ, ಇನ್ನೊಂದರ ಜಾಗದಲ್ಲಿ ಗೊಬ್ಬರದ ಮೂಟೆಗಳಿವೆ. ಎರಡಕ್ಕೂ ಬೇಯಿಸಿ ಹಾಕಿದವಳು ನಾನೊಬ್ಬಳೇ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ತಾಲೀಮೆಂದರೆ ಕುಸ್ತಿ ಕಲಿಯುವ ಮನೆ. ನಡುವೆ ಕೆಂಪು ಮಣ್ಣಿನ ಕಣ, ಗೋಡೆಯಲ್ಲಿ ಹನುಮಪ್ಪ, ಕಲಿಸುವವನಿಗೆ ವಸ್ತಾದ ಎಂದು ಹೆಸರು. ಅಂಥವು ಊರೂರಿಗೂ ಇದ್ದವು. ಈ ಎರಡು ಮಾತ್ರ ಬೇರೆ ನಮೂನೆ. ಕೊಪ್ಪಳದ್ದನ್ನು ಹತ್ತಿ ಗಿರಣಿಯ ಸಾಹುಕಾರರು ಇಟ್ಟಿದ್ದರು, ಗಂಗಾವತಿಯದನ್ನು ಭತ್ತದ ಸಾಹುಕಾರರು. ಪೈಲವಾನರಿಗೆ ಸಂಬಳ ಕೊಟ್ಟು, ಉಣ್ಣಿಸಿ, ಮಲಗಿಸಿ, ಕುಸ್ತಿಯೊಂದೇ ಕೆಲಸವೆಂದು ಸಾಕುತ್ತಿದ್ದರು. ಕೊಪ್ಪಳದವರದು ಕೆಂಪು ಲಂಗೋಟಿ, ಗಂಗಾವತಿಯವರದು ಹಸಿರು. ಕುಷ್ಟಗಿ, ಯಲಬುರ್ಗಾದ ಜನ ಅರ್ಧ ಕೆಂಪು, ಅರ್ಧ ಹಸಿರಾಗಿ ಬೀಗತನ ಮಾಡುವಾಗಲೂ ಮೊದಲು ಬಣ್ಣ ಕೇಳುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ನಿಮ್ಮ ಅವ್ವ ನೀಲವ್ವ ಇನ್ನೂ ಅಂಬೆಗಾಲಿಡುವಾಗ. ನಿಮ್ಮ ಅಜ್ಜ ಜ್ವರದಲ್ಲಿ ಹೋಗಿಬಿಟ್ಟಿದ್ದರು. ಭಾವನ ಮನೆಯ ಹಿಂದಿನ ಕಟ್ಟೆ ನನಗೂ ಮಗಳಿಗೂ ಸಿಕ್ಕ ಜಾಗ. ಅಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವುದು, ಎಮ್ಮೆ ಎದ್ದರೆ ನಾವೂ ಏಳುವುದು. ಕೊಪ್ಪಳದ ತಾಲೀಮಿನ ಬಸಣ್ಣ ವಸ್ತಾದರು ನಮ್ಮ ತವರಿನ ಕಡೆ ದೂರದ ಸಂಬಂಧ. ಅವರ ಅಡುಗೆಯವನು ಪೈಲವಾನರ ಬಾದಾಮಿಯನ್ನು ತಾನೇ ತಿಂದು ತಾನೇ ಪೈಲವಾನನಂತಾದ್ದರಿಂದ ಅವನನ್ನು ಬಿಡಿಸಿದ್ದರು. ನನಗೆ ಅಡುಗೆ ಮನೆ, ಅದರ ಪಕ್ಕಕ್ಕೊಂದು ಕೋಣೆ ಕೊಟ್ಟರು. ಆ ಕೋಣೆಗೆ ಒಳಗಿನಿಂದ ಚಿಲಕವಿತ್ತು. ಮೊದಲ ದಿನ ನಾನು ಆ ಚಿಲಕವನ್ನು ಹಾಕಿ, ತೆಗೆದು, ಹಾಕಿ, ತೆಗೆದು, ಮಗಳು ನಗುವ ತನಕ ಆಡಿಸಿದೆ. ಆ ಕೋಣೆ ಕೈಬಿಡಬಾರದು ಎಂಬುದೊಂದೇ ಆಮೇಲೆ ನನ್ನ ತಲೆಯಲ್ಲಿ ಇದ್ದದ್ದು.

ಒಂದು ಕಟ್ಟಳೆ ಇತ್ತು. ಹೆಣ್ಣುಮಕ್ಕಳು ಕಣದ ಮಣ್ಣು ಮುಟ್ಟಬಾರದು, ನೋಡಲೂಬಾರದು. ಅದಕ್ಕೆ ಅಡುಗೆ ಮನೆಗೂ ತಾಲೀಮಿಗೂ ನಡುವೆ ಗೋಡೆ, ಗೋಡೆಯಲ್ಲಿ ತಾಟು ಹಿಡಿಯುವಷ್ಟು ಕಿಂಡಿ. ನನಗೆ ಅದು ದೇವರೇ ಕೊರೆದ ಕಿಂಡಿ ಅನಿಸಿತು. ಹದಿನೈದು ಗಂಡಸರ ಮುಖ ನೋಡಿ ಬಡಿಸಬೇಕಾಗಿದ್ದರೆ ನಾನು ಆ ಹೊತ್ತೇ ಇರಕಲ್ಲಗಡದ ದಾರಿ ಹಿಡಿಯುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಅವರ ಕೈಗಳು ಮಾತ್ರ. ಮಾತಿಗೆ ಬದಲು ಸೌಟು. ಒಂದು ಸಲ ಬಡಿದರೆ ಊಟ ತಯಾರು, ಎರಡು ಸಲ ಬಡಿದರೆ ಪಲ್ಯ ಮುಗಿಯಿತು, ಮೂರು ಸಲ ಬಡಿದರೆ ಯಾರೋ ಎರಡನೇ ಸಲ ತಾಟು ತಂದಿದ್ದೀರಿ ನನಗೆ ಗೊತ್ತಾಯಿತು ಎಂದರ್ಥ. ಮೂರನೆಯದು ಹೆಚ್ಚಾಗಿ ಕುಷ್ಟಗಿಯ ದುರಗಪ್ಪನಿಗೆ. ಅವನ ಅಂಗೈ ಮೊರದಷ್ಟಿತ್ತು, ಬೂದಿ ಬಳಿದುಕೊಂಡು ಬಂದರೂ ಗುರುತು ಸಿಗುತ್ತಿತ್ತು.

“ಅಕ್ಕಾ, ಈ ಕೈ ನಂದಲ್ಲರಿ.”

ಸೌಟು ಮೂರು ಸಲ.

“ನಮ್ಮ ತಮ್ಮಂದರಿ.”

ಮತ್ತೆ ಮೂರು ಸಲ. ಆಚೆ ಎಲ್ಲರೂ ನಕ್ಕರೆ ದುರಗಪ್ಪ ಖಾಲಿ ತಾಟಿನೊಂದಿಗೆ ಹೋಗುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ನಾನೇ ಒಂದು ರೊಟ್ಟಿ ಕಿಂಡಿಯಲ್ಲಿ ಇಡುತ್ತಿದ್ದೆ. ಶಾಂತಾ, ಇದನ್ನು ನೆನಪಿಟ್ಟುಕೋ. ಹೆಚ್ಚಿಗೆ ತಿನ್ನುವವನನ್ನು ಬೈದರೂ ನಡೆಯುತ್ತದೆ, ಹಸಿದು ಮಲಗಿಸಬಾರದು.

ಪೈಲವಾನರ ಊಟಕ್ಕೆ ಖುರಾಕು ಎನ್ನುತ್ತಿದ್ದರು. ರೊಟ್ಟಿ, ಹಾಲು, ತುಪ್ಪ, ಕಾಳು, ಬೆಳಗಿನ ಸಾಮು ಮುಗಿದ ಮೇಲೆ ಬಾದಾಮಿ, ಸೋಂಪು, ಗಸಗಸೆ ಅರೆದ ಥಂಡಾಯಿ. ನನ್ನ ಮೊದಲ ದೊಡ್ಡ ತಪ್ಪು ಈ ಥಂಡಾಯಿಯದು. ಕುಷ್ಟಗಿಯಲ್ಲಿ ಕುಸ್ತಿ ಇತ್ತು. ಬಾದಾಮಿ ಕಡಿಮೆ ಬಿತ್ತು. ಕೇಳುವುದಕ್ಕೆ ನಾಚಿಕೆ. ಬಿಳುಪಿಗೆ ಬಿಳುಪು ಸರಿಹೋಗುತ್ತದೆಂದು ಬಾದಾಮಿಯ ಬದಲಿಗೆ ಅಷ್ಟೂ ಗಸಗಸೆ ಹಾಕಿ ಅರೆದುಬಿಟ್ಟೆ. ಎಲ್ಲರೂ ಎರಡೆರಡು ಚೆಂಬು ಕುಡಿದು “ಇವತ್ತ ಭಾಳ ಛಲೋ ಐತಿ ಅಕ್ಕಾ” ಎಂದು ಚಕ್ಕಡಿ ಹತ್ತಿದರು.

ಮುಂದಿನದನ್ನು ಆಮೇಲೆ ಮಲ್ಲಪ್ಪ ಹೇಳಿದ. ಮಲ್ಲಪ್ಪ ತಾಲೀಮಿನಲ್ಲಿ ಸಣ್ಣ ಆಳು, ಅರ್ಧ ಕಿರುಬೆರಳಿಲ್ಲದವನು, ಕಿಂಡಿಯ ಹತ್ತಿರ ಕುಳಿತು ಸುದ್ದಿ ಹೇಳುವುದು ಅವನ ಚಟ. ದಾರಿಯಲ್ಲೇ ಆರು ಜನ ಮಲಗಿದರಂತೆ. ಎಬ್ಬಿಸಿ ಕಣಕ್ಕೆ ಇಳಿಸಿದರೆ ಮೂರು ಜನ ಸೋತು, ಸೋತ ಜಾಗದಲ್ಲೇ ಗೊರಕೆ ಹೊಡೆದರಂತೆ. ದುರಗಪ್ಪನ ಎದುರಾಳಿ ಕಾಲಿಗೆ ಕೈ ಹಾಕಿ ಜಾರಿ ಅಂಗಾತ ಬಿದ್ದ. ಅವನ ಮೇಲೆ ದುರಗಪ್ಪ ಬಿದ್ದ. ಬಿದ್ದವನು ಅಲ್ಲೇ ನಿದ್ದೆ ಹೋದ.

“ಕೆಳಗಿನಾವ ‘ಯಪ್ಪಾ, ಈ ಆಳು ಸತ್ತಾನ, ತಗೀರಿ’ ಅಂತಾನ್ರಿ ಅಕ್ಕಾ. ಪಂಚರು ‘ಸತ್ತಿಲ್ಲೋ, ಗೊರಕಿ ಹೊಡೀತಾನ, ಬೆನ್ನು ಮಣ್ಣಿಗೆ ಹತ್ತೇತಿ, ನೀ ಚಿತ್ ಆದಿ’ ಅಂದ್ರು. ಬೆಳ್ಳಿ ಕಡಗ ದುರಗಪ್ಪಗ ಬಂತು. ಕೈಗೆ ಹಾಕೂ ಮುಂದನೂ ಎಚ್ಚರ ಇರಲಿಲ್ಲ ಅವಗ.”

ಬಸಣ್ಣ ವಸ್ತಾದರು ಇದನ್ನು ಹೊಸ ಪಟ್ಟು ಎಂದು ಊರಲ್ಲಿ ಹೇಳಿಕೊಂಡರು. ನಾನು ಗಸಗಸೆಯ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದೆ.

ಮೇಲಿನವರ ವಿಷಯ ಎರಡು ಮಾತು. ಬಸಣ್ಣನವರು ಕೂಗುವ ವಸ್ತಾದರು. ನೀರು ಕೊಡು ಎನ್ನುವುದನ್ನೂ ಊರಿಗೆ ಬೆಂಕಿ ಬಿದ್ದಂತೆ ಕೂಗುತ್ತಿದ್ದರು. ನಮ್ಮ ಸಾಹುಕಾರರು ತಾವು ಒಂದು ತಂಬಿಗೆ ಎತ್ತಿದವರಲ್ಲ, ಆದರೆ ಮುಂಬಯಿಗೆ ಹೋಗಿ ಬಂದರೆ ಒಂದು ಹೊಸ ರೀತಿ ತರುತ್ತಿದ್ದರು. ಒಮ್ಮೆ ಹತ್ತಿ ತೂಗುವ ದೊಡ್ಡ ತಕ್ಕಡಿ ತರಿಸಿ, ಪ್ರತಿ ಪೈಲವಾನನನ್ನು ವಾರಕ್ಕೊಮ್ಮೆ ತೂಗಬೇಕು, ತೂಕಕ್ಕೆ ತಕ್ಕಂತೆ ಖುರಾಕು ಹಾಕಬೇಕು ಎಂದರು. ಎರಡನೇ ವಾರ ದುರಗಪ್ಪನ ತೂಕ ಭಯಂಕರ ಏರಿತು. ಮೂರನೇ ವಾರ ಅವನು ತಕ್ಕಡಿಯಿಂದ ಇಳಿಯುವಾಗ ಲಂಗೋಟಿಯಿಂದ ಕಲ್ಲು ಬಿದ್ದು ಸಾಹುಕಾರರ ಹೆಬ್ಬೆರಳು ಜಜ್ಜಿತು. ತಕ್ಕಡಿ ಗಿರಣಿಗೆ ವಾಪಸು ಹೋಯಿತು.

ಪೈಲವಾನರನ್ನು ಆ ಕಡೆಯಿಂದ ಈ ಕಡೆಗೆ ಕೊಟ್ಟು ಕೊಳ್ಳುವುದೂ ಇತ್ತು. ಗಂಗಾವತಿಯವರು ನಮ್ಮ ಯಲಬುರ್ಗಾದ ಒಬ್ಬ ಪೈಲವಾನನನ್ನು ಕೇಳಿ ಒಯ್ದರು, ಬದಲಿಗೆ ಎರಡು ಎಮ್ಮೆ ಕಳಿಸಿದರು. ಅವನು ಅಲ್ಲಿ ಎಲ್ಲರಿಗೂ ಸೋತ. ಎಮ್ಮೆಗಳು ಮಾತ್ರ ಏಳು ವರ್ಷ ಹಿಂಡಿದವು. ಕೊಪ್ಪಳದ ತಾಲೀಮಿನ ಚರಿತ್ರೆಯಲ್ಲಿ ಅಷ್ಟು ಲಾಭದ ಪೈಲವಾನ ಮತ್ತೊಬ್ಬನಿಲ್ಲ.

ಈಗ ಮಣ್ಣಿನ ಕತೆಗೆ ಬರುತ್ತೇನೆ. ಕಣದ ಮಣ್ಣೆಂದರೆ ಹೊಲದ ಮಣ್ಣಲ್ಲ. ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ, ಕರ್ಪೂರ ಬೆರೆಸಿ ವರ್ಷವರ್ಷ ಹದ ಮಾಡಿದ್ದು. ಕಾರ ಹುಣ್ಣಿಮೆಯ ಮರುದಿನ ಎರಡು ತಾಲೀಮುಗಳ ನಡುವೆ ದೊಡ್ಡ ಕುಸ್ತಿ. ಸೋತವರು ತಮ್ಮ ಕಣದ ಒಂದು ಚೀಲ ಮಣ್ಣನ್ನು ಗೆದ್ದವರಿಗೆ ಕೊಡಬೇಕು. ಗೆದ್ದವರು ಅದನ್ನು ತಮ್ಮ ಕಣದಲ್ಲಿ ಬೆರೆಸಿದರೆ ಅವರ ಬಲ ಇವರಿಗೆ ಬರುತ್ತದೆ ಎಂದು ನಂಬಿಕೆ.

ಆ ವರ್ಷ ಕೊಪ್ಪಳದವರು ಗೆದ್ದರು. ಮಣ್ಣಿನ ಚೀಲ ಗಂಗಾವತಿಯಿಂದ ಚಕ್ಕಡಿಯಲ್ಲಿ ಬಂತು. ತಂದವನು ಸ್ನಾನ ಮಾಡಿರಲಿಲ್ಲ, ಸ್ನಾನ ಮಾಡದೆ ತಾಲೀಮಿನೊಳಗೆ ಹೋಗುವಂತಿಲ್ಲ, ಅದಕ್ಕೆ ಚೀಲವನ್ನು ಅಡುಗೆ ಮನೆಯ ಹಿತ್ತಿಲಲ್ಲಿ ಇಳಿಸಿ ಹೋದ. ನಾನು ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಚೀಲದ ತುಂಬ ಕೆಂಪು ಮಣ್ಣು. ಅದೇ ವಾರ ನನ್ನ ಒಲೆ ಸೀಳಿತ್ತು. ಒಲೆಗೆ ಮಣ್ಣು ಬೇಕೆಂದು ಮಲ್ಲಪ್ಪನಿಗೆ ಹೇಳಿದ್ದೆ. ತಂದಿಟ್ಟಿದ್ದಾನೆ ಪುಣ್ಯಾತ್ಮ ಎಂದುಕೊಂಡೆ. ಕಣದ ಮಣ್ಣನ್ನು ನೋಡಬಾರದೆಂಬ ಕಟ್ಟಳೆಯನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದೆನಲ್ಲ, ಕಣ್ಣ ಮುಂದೆ ಬಂದರೂ ಅದು ಕಣದ ಮಣ್ಣೆಂದು ಗುರುತು ಸಿಗಲಿಲ್ಲ.

ಎಂಥ ಮಣ್ಣು ಅಂತೀ! ಬೆಣ್ಣೆಯ ಹಾಗೆ. ಒಂದು ಹರಳಿಲ್ಲ. ಸೆಗಣಿ, ಹೊಟ್ಟು ಹಾಕಿ ತುಳಿದು ಮೂರು ಗಡಿಗೆ ಕೂಡುವ ಉದ್ದ ಒಲೆ ಕಟ್ಟಿದೆ. ಜೀವಮಾನದಲ್ಲಿ ಅಂಥ ಒಲೆ ಮತ್ತೆ ಕಟ್ಟಲಿಲ್ಲ.

ಎಂಟು ದಿನ ಸೀಳಿದ ಒಲೆಯಲ್ಲೇ ಬೇಯಿಸಿದೆ, ಹೊಸದು ಒಣಗಿದ ಮೇಲೆ ಹಳೆಯದನ್ನು ಒಡೆದೆ. ಅವತ್ತೇ ಕಣಕ್ಕೆ ಮಣ್ಣು ಬೆರೆಸುವ ದಿನ, ಗೋಡೆಯಾಚೆ ಬಸಣ್ಣನವರ ಕೂಗು. “ಮಣ್ಣ ಎಲ್ಲೈತೋ?”

“ಹಿತ್ತಲದಾಗ ಇಳಿಸೇನ್ರಿ ವಸ್ತಾದ್ರ,” ಚೀಲ ತಂದವನು ಅಂದ.

“ಹಿತ್ತಲದಾಗ ಬರೇ ಚೀಲ ಐತಿ!”

ನನ್ನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು. ಒಲೆಯನ್ನು ನೋಡಿದೆ, ಒಲೆ ನನ್ನನ್ನು ನೋಡಿತು. ಹೇಳಿದರೆ ಕೋಣೆ ಹೋಯಿತು, ಮತ್ತೆ ಭಾವನ ಮನೆಯ ಕಟ್ಟೆ. ಹೆಣ್ಣು ಹೆಂಗಸು ಗಂಗಾವತಿಯ ಕಣದ ಮಣ್ಣು ಮುಟ್ಟಿದ್ದು ಮಾತ್ರವಲ್ಲ, ಸೆಗಣಿ ಕಲಸಿ ತುಳಿದಿದ್ದಾಳೆ. ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದೆ.

ಒಲೆ ಮುಚ್ಚಿಕೊಳ್ಳಲಿಲ್ಲ. ಬೆಂಕಿ ಹೊತ್ತಿದಂತೆ ಕರ್ಪೂರ, ಅರಿಸಿನ, ಎಣ್ಣೆಯ ವಾಸನೆ ಎದ್ದು ಕಿಂಡಿಯಿಂದ ತಾಲೀಮಿನೊಳಗೆ ಹೋಯಿತು. ಆಚೆ ಹದಿನೈದು ಮೂಗು ಮೇಲೆದ್ದದ್ದು ನನಗೆ ಕೇಳಿಸಿತು.

“ಗಂಗಾವತಿ ವಾಸನಿ ಬರಾಕತ್ತೇತಲ್ಲೋ,” ದುರಗಪ್ಪ ಅಂದ.

“ಅವರ ಬಲ ಗಾಳ್ಯಾಗ ಬಂತೇನೋ,” ಇನ್ನೊಬ್ಬ ಅಂದ.

ಮಧ್ಯಾಹ್ನ ಅರ್ಧ ಕಿರುಬೆರಳಿನ ಕೈ ಕಿಂಡಿಗೆ ಬಂತು. ತಾಟಿರಲಿಲ್ಲ. “ಅಕ್ಕಾ, ನಾ ನಿಮಗ ಮಣ್ಣ ತರೋದು ಮರತಿದ್ದೆ. ಹೊಸಾ ಒಲಿ ಎಲ್ಲಿಂದ ಬಂತರಿ?”

ನಾನು ಸೌಟು ಹಿಡಿದೆ. ಆದರೆ ಇದಕ್ಕೆ ಎಷ್ಟು ಸಲ ಬಡಿಯಬೇಕೋ ನಾವು ಗೊತ್ತುಮಾಡಿರಲಿಲ್ಲ. ಅತ್ತುಬಿಟ್ಟೆ.

“ಅಳಬ್ಯಾಡ್ರಿ ಅಕ್ಕಾ. ನಾ ಯಾರ ಮುಂದೂ ಹೇಳಂಗಿಲ್ಲ, ಹನುಮಪ್ಪನಾಣಿ.”

ಮಲ್ಲಪ್ಪ ಸಂಜೆಯೊಳಗೆ ಹದಿನಾಲ್ಕು ಜನರಿಗೆ ಹೇಳಿದ್ದ. ಪ್ರತಿಯೊಬ್ಬನಿಂದಲೂ ಹನುಮಪ್ಪನ ಆಣೆ ಹಾಕಿಸಿಕೊಂಡಿದ್ದ. ವಸ್ತಾದರಿಗೊಬ್ಬರಿಗೆ ಗೊತ್ತಿರಲಿಲ್ಲ. ಪೈಲವಾನರ ತೊಂದರೆ ಬೇರೆ ಇತ್ತು. ಕಣಕ್ಕಿಳಿಯುವ ಮೊದಲು ಮಣ್ಣಿಗೆ ಹಣೆ ಹಚ್ಚುವುದು ಪದ್ಧತಿ. ಗೆದ್ದು ತಂದ ಮಣ್ಣು ಒಲೆಯಾಗಿ ಕೂತಿದೆ, ಅದನ್ನು ಬಿಟ್ಟು ಇಳಿದರೆ ಅಪಚಾರವಾದೀತು. ಹೀಗಾಗಿ ನಸುಕಿನಲ್ಲಿ ಒಬ್ಬೊಬ್ಬನೇ ಬಂದು ಕಿಂಡಿಯಲ್ಲಿ ತಲೆ ತೂರಿಸಿ ನನ್ನ ಒಲೆಗೆ ನಮಸ್ಕಾರ ಮಾಡತೊಡಗಿದ. ನಾನು ಹಿಟ್ಟು ನಾದುತ್ತ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದೆ. ಮೂರನೇ ದಿನ ದುರಗಪ್ಪನ ತಲೆ ಒಳಗೆ ಬಂದದ್ದು ಹೊರಗೆ ಹೋಗಲಿಲ್ಲ.

“ಅಕ್ಕಾ, ಕಿವಿ ಸಿಕ್ಕಾವ್ರಿ.”

ಆಚೆಯಿಂದ ಐದು ಜನ ಅವನ ಸೊಂಟ ಹಿಡಿದು ಜಗ್ಗುತ್ತಿದ್ದಾರೆ, ಈಚೆ ನಾನು ಅವನ ಕಿವಿಗೆ ತುಪ್ಪ ಸವರುತ್ತಿದ್ದೇನೆ, ಆಗ ವಸ್ತಾದರು ಬಂದರು.

“ಏನ್ರಲೇ ಇದು! ರೊಟ್ಟಿ ಕದಿಯಾಕ ತಲಿ ಹಾಕ್ಯಾನೇನ?”

“ಇಲ್ಲರಿ ವಸ್ತಾದ್ರ, ಮಣ್ಣಿಗೆ ಹಣಿ ಹಚ್ಚಾಕ,” ದುರಗಪ್ಪ ಅಡುಗೆ ಮನೆಯ ಕಡೆಯಿಂದ ಉತ್ತರ ಕೊಟ್ಟ. ಪಾಪ, ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ತಾಟಿನ ವಿಷಯ ಬಿಟ್ಟರೆ.

ವಸ್ತಾದರು ಸುತ್ತು ಹಾಕಿ ಹಿತ್ತಿಲಿನಿಂದ ಅಡುಗೆ ಮನೆಗೆ ಬಂದರು. ಎರಡು ವರ್ಷದಲ್ಲಿ ನಾನು ಅವರ ಎದುರು ನಿಂತದ್ದು ಅದೇ ಮೊದಲು. ನೀಲವ್ವನನ್ನು ಎತ್ತಿಕೊಂಡು, ನೆಲ ನೋಡುತ್ತ, ಇದ್ದದ್ದನ್ನು ಇದ್ದಂತೆ ಹೇಳಿದೆ. “ತಪ್ಪಾಗೇತರಿ ಅಣ್ಣಾರ. ನನಗ ಗೊತ್ತಿರಲಿಲ್ಲ. ಕಡೀಕ ಈ ಕೂಸಿನ್ನ ನೋಡಿ ಕೋಣಿ ಒಂದು ಇರಲಿ ಅನ್ರಿ. ಬೇಕಾದ್ರ ಒಲಿ ಒಡದು ಮಣ್ಣ ಒಯ್ಯಿರಿ.”

ವಸ್ತಾದರು ಕೂಗಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಒಲೆಯನ್ನು ಸುತ್ತಿ ನೋಡಿದರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು.

“ಒಡದ್ರ ಹೊಸಾ ಒಲಿ ಒಣಗಾಕ ಎಷ್ಟ ದಿನ ಬೇಕ ತಂಗಿ?”

“ಎಂಟ ದಿನರಿ.”

“ಎಂಟ ದಿನಾ ಉಪಾಸ ಏನ್ರಿ ವಸ್ತಾದ್ರ?” ಎಂದು ಕಿಂಡಿಯಲ್ಲಿದ್ದ ತಲೆ ಕೇಳಿತು.

“ನೀ ಸುಮ್ಮಿರಲೇ, ಗ್ವಾಡ್ಯಾಗಿನ ಹಲ್ಲಿ!” ವಸ್ತಾದರು ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಕಡೆಗೆ ತಾಲೀಮಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. “ಮಣ್ಣ ಕಣಕ್ಕ ಹಾಕಿದ್ರ ಅದರ ಬಲ ಮೈಗೆ ಹತ್ತಾಕ ವರ್ಷ ಬೇಕು. ಈಗ ಮಣ್ಣಿಂದ ಒಲಿಗೆ, ಒಲಿಯಿಂದ ರೊಟ್ಟಿಗೆ, ರೊಟ್ಟಿಯಿಂದ ಹೊಟ್ಟಿಗೆ ಸೀದಾ ಹೋಗೇತಿ. ಇದು ಹತ್ತರದ ದಾರಿ. ಒಲಿ ಇರಲಿ. ತಂಗೀನೂ ಇರಲಿ. ಈ ಮಗನ್ನ ಮಾತ್ರ ಹೊರಗ ಜಗ್ರಿ!”

ಕೋಣೆ ಉಳಿಯಿತು. ದುರಗಪ್ಪನ ಕಿವಿಯೂ ಉಳಿಯಿತು.

ಸುದ್ದಿ ಉಳಿಯಲಿಲ್ಲ. ಗಂಗಾವತಿಯವರಿಗೆ ಮುಟ್ಟಿತು. ತಮ್ಮ ಕಣದ ಮೇಲೆ ಕೊಪ್ಪಳದವರು ಬೇಳೆ ಬೇಯಿಸುತ್ತಾರೆಂದು ಅವರಿಗೆ ಊಟ ಸೇರಲಿಲ್ಲವಂತೆ. ಊಟ ಸೇರದ ಸಿಟ್ಟಿನಲ್ಲಿ ಮರುವರ್ಷ ಕುಸ್ತಿ ಗೆದ್ದರು. ಮಣ್ಣಿನ ಚೀಲ ಕಟ್ಟಿ ಇಟ್ಟರೆ ಅವರ ವಸ್ತಾದ ಹುಸೇನಪ್ಪನವರು ಚೀಲದ ಕಡೆ ನೋಡಲಿಲ್ಲ.

“ನಮ್ಮ ಮಣ್ಣ ನಮಗ ಕೊಡ್ರಿ. ಒಲಿ ಕೊಡ್ರಿ.”

ಒಲೆಯನ್ನು ಬುಡದಿಂದ ಎಬ್ಬಿಸಿ, ಹಲಗೆಯ ಮೇಲೆ ಕೂಡಿಸಿ, ಹುಲ್ಲು ಹಾಸಿದ ಚಕ್ಕಡಿಗೆ ಏರಿಸಿದರು. ಏರಿಸುವಾಗ ಕೊಪ್ಪಳದ ಪೈಲವಾನರು ಹಣೆ ಹಚ್ಚಿದರು, ಇಬ್ಬರು ಅತ್ತರು. ಆಗ ಹುಸೇನಪ್ಪನವರಿಗೆ ಹೊಳೆಯಿತು, “ಈ ಒಲಿ ನಡಸಾಕ ನಮ್ಮಲ್ಲಿ ಯಾರಿಗೂ ಬರಂಗಿಲ್ಲ. ಕಟ್ಟಿದಾಕಿನ್ನೂ ಕಳಸ್ರಿ.” ಇಬ್ಬರು ಸಾಹುಕಾರರು ಮಾತಾಡಿಕೊಂಡರು. ಹಿಂದಿನ ಎಮ್ಮೆಯ ವ್ಯವಹಾರದಲ್ಲಿ ತಮಗೆ ನಷ್ಟವಾಗಿದೆ, ಇದರಲ್ಲಿ ಸರಿಹೋಗಲಿ ಎಂದು ಗಂಗಾವತಿಯವರು ವಾದಿಸಿದರಂತೆ. ನನ್ನನ್ನು ಕೇಳಿದವರು ಬಸಣ್ಣನವರೊಬ್ಬರೇ.

“ಅಲ್ಲಿ ಕೋಣಿಗೆ ಒಳಗ ಚಿಲಕ ಐತೇನ್ರಿ?” ಎಂದೆ.

ಹುಸೇನಪ್ಪನವರು ಹಾಕಿಸುತ್ತೇನೆಂದರು. ಹೀಗೆ ನಾನೂ ನಿಮ್ಮ ಅವ್ವನೂ ಒಲೆಯ ಎಡಕ್ಕೂ ಬಲಕ್ಕೂ ಕುಳಿತು, ಅದು ಉರುಳದಂತೆ ಹಿಡಿದುಕೊಂಡು, ಎರಡು ದಿನದ ದಾರಿ ಗಂಗಾವತಿಗೆ ಹೋದೆವು. ಆ ಕಡೆಯ ಗದ್ದೆಗಳನ್ನು ನಾನು ಮೊದಲು ನೋಡಿದ್ದು ಆಗಲೇ. ಅಷ್ಟು ಹಸಿರು ನೋಡಿ ಇವರ ಲಂಗೋಟಿಗೆ ಆ ಬಣ್ಣ ಏಕೆಂದು ತಿಳಿಯಿತು.

ಗಂಗಾವತಿಯ ತಾಲೀಮು ಎಲ್ಲದರಲ್ಲೂ ತದ್ವಿರುದ್ಧ. ಕೊಪ್ಪಳದವರು ಜೋಳ ತಿಂದು ಎಳೆಯುತ್ತಿದ್ದರು, ಎತ್ತಿ ಒಗೆಯುತ್ತಿದ್ದರು, ಗೆದ್ದರೂ ಸೋತರೂ ಒಂದು ಎಲೆ ಅಡಿಕೆ ಹಾಕುವಷ್ಟರಲ್ಲಿ ಮುಗಿಯುತ್ತಿತ್ತು. ಗಂಗಾವತಿಯವರು ಅನ್ನ ಮೊಸರುಂಡು ಎದುರಾಳಿಯನ್ನು ಕೆಳಗೆ ಕೆಡವಿ ಅವನ ಮೇಲೆ ಮಲಗಿಬಿಡುತ್ತಿದ್ದರು. ನೋಡಲು ಬಂದವರು ಬುತ್ತಿ ಬಿಚ್ಚಿ ಉಂಡು ಕೈ ತೊಳೆದರೂ ಕುಸ್ತಿ ಮುಗಿಯುತ್ತಿರಲಿಲ್ಲ. ಬಸಣ್ಣನವರು ಕೂಗುವ ವಸ್ತಾದರಾದರೆ ಹುಸೇನಪ್ಪನವರು ಅಳುವ ವಸ್ತಾದರು. ಶಿಷ್ಯ ತಪ್ಪು ಮಾಡಿದರೆ “ನಾ ನಿನಗ ಇದನ್ನ ಕಲಿಸಿದ್ದೆನೇನಪಾ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅದಕ್ಕೆ ಹೆದರಿ ಪೈಲವಾನರು ಚೆನ್ನಾಗಿ ಕಲಿಯುತ್ತಿದ್ದರು. ನಾನು ಮೊದಲ ದಿನ ಖಡಕ್ ರೊಟ್ಟಿ ಮಾಡಿ ಕಳಿಸಿದರೆ ಕಿಂಡಿಯಾಚೆಯಿಂದ ಒಬ್ಬ ಕೇಳಿದ, “ಅಕ್ಕಾ, ಇದನ್ನ ಕಡಿಯೋದರಿ, ಬಡಿಯೋದರಿ?” ಎರಡು ದಿನ ಬಿಟ್ಟು ಅನ್ನ ಬಸಿಯುವುದನ್ನು ಹುಸೇನಪ್ಪನವರೇ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತೋರಿಸಿಕೊಟ್ಟರು. ನನ್ನ ಮುದ್ದೆ ಅನ್ನ ನೋಡಿ ಅತ್ತರು. ನಾನೂ ಬೇಗ ಕಲಿತೆ.

ನಿನ್ನ ತಮ್ಮಂದಿರು ಕೇಳುವ ಪ್ರಶ್ನೆಗೆ ನನಗೆ ಗೊತ್ತಿರುವುದು ಇಷ್ಟು. ಎರಡು ತಾಲೀಮುಗಳೂ ಕುಸ್ತಿ ಆಡಿದ ಹಾಗೆಯೇ ಮುಗಿದವು. ಕೊಪ್ಪಳದ್ದು ಎತ್ತಿ ಒಗೆದಂತೆ ಒಂದೇ ಸಲಕ್ಕೆ ಹೋಯಿತು. ಸಾಹುಕಾರರು ಮುಂಬಯಿಯಿಂದ ಕಡೆಯ ಬಾರಿ ತಂದದ್ದು ಸಿನಿಮಾ ಯಂತ್ರ. ತಾಲೀಮಿನ ಮುಂದೆ ಟೆಂಟು ಎದ್ದಿತು. ಜನ ಕುಸ್ತಿಗೆ ಬೆನ್ನು ಹಾಕಿ ಪರದೆಗೆ ಮುಖ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಪೈಲವಾನರು ಟೆಂಟಿನ ಬಾಗಿಲು ಕಾಯುತ್ತಿದ್ದರು. ಟೆಂಟಿನ ಬಟ್ಟೆ ಹರಿದಲ್ಲಿ ಕೆಂಪು ಲಂಗೋಟಿಯ ತೇಪೆ ಹಾಕಿದ್ದರಂತೆ, ಹಗಲಿನ ಆಟದಲ್ಲಿ ದೇವರ ಸಿನಿಮಾ ನಡೆಯುವಾಗ ಬಿಸಿಲು ಅದರಿಂದ ಬಿದ್ದು ಎಲ್ಲ ದೇವರೂ ಕೆಂಪಗೆ ಕಾಣುತ್ತಿದ್ದರಂತೆ.

ಗಂಗಾವತಿಯದು ಹಾಗಲ್ಲ, ಯಾರೋ ಮೇಲೆ ಮಲಗಿದ ಹಾಗೆ ನಿಧಾನವಾಗಿ ಉಸಿರು ಬಿಟ್ಟಿತು. ಯುದ್ಧದ ವರ್ಷಗಳಲ್ಲಿ ಭತ್ತವನ್ನು ಸರಕಾರಕ್ಕೆ ಅಳೆದುಕೊಡಬೇಕಾಯಿತು. ಬಾದಾಮಿ ಹೋಗಿ ಶೇಂಗಾ ಬಂತು, ತುಪ್ಪ ಹೋಗಿ ಶೇಂಗಾ ಎಣ್ಣೆ ಬಂತು, ಕಡೆಗೆ ಶೇಂಗಾ ಸಿಪ್ಪೆ ಬರುವುದೊಂದು ಬಾಕಿ. ಒಬ್ಬ ಸಿಪಾಯಿಯಾದ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದಾಗ ನಾಲ್ವರು ಕಲ್ಲು ಹೊರಲು ಹೋದರು. ಹದಿನೆಂಟು ತಾಟು ಹನ್ನೆರಡಾಯಿತು, ಏಳಾಯಿತು, ಮೂರಾಯಿತು. ಕಡೆಯ ಕಾರ ಹುಣ್ಣಿಮೆಯ ಕುಸ್ತಿಗೆ ಎರಡೂ ಕಡೆ ಆಳು ಸಾಲದೆ ಒಬ್ಬರಿಗೊಬ್ಬರು ಕಡ ಕೊಟ್ಟುಕೊಂಡರು. ದುರಗಪ್ಪನಿಗೆ ಹಸಿರು ಲಂಗೋಟಿ ಕಟ್ಟಿಸಿದರು. ಅವನು ಕೊಪ್ಪಳದವನನ್ನು ಕೆಡವಿ, ನೋಡಿಕೊಳ್ಳದೆ “ಕೊಪ್ಪಳಕ್ಕ ಜಯ” ಎಂದು ಕೂಗಿದ. ಬಿದ್ದವನೂ ಮಲಗಿದಲ್ಲಿಂದಲೇ ಜಯ ಎಂದ.

ಆಮೇಲೆ ನಿಜಾಮರ ಆಳ್ವಿಕೆ ಮುಗಿಯಿತು. ಭತ್ತದ ಸಾಹುಕಾರರೂ ತೀರಿಕೊಂಡರು. ಅವರ ಮಗ ಓದಿದವರು. ತಾಲೀಮಿನ ಕಣ ಮುಚ್ಚಿಸಿ ಗೋದಾಮು ಮಾಡುತ್ತೇವೆ, ಅಡುಗೆ ಮನೆಯೂ ಬೇಕು, ಎಂಟು ದಿನದಲ್ಲಿ ಬಿಡಿ ಎಂದು ಹೇಳಿ ಕಳಿಸಿದರು. ನಿಮ್ಮ ಅವ್ವ ಆಗ ಮದುವೆಗೆ ಬಂದ ಹುಡುಗಿ. ಅವಳನ್ನು ಕರೆದುಕೊಂಡು ಮತ್ತೆ ಭಾವನ ಮನೆಯ ಕಟ್ಟೆಗೆ ಹೋಗುವುದೆಂದರೆ ನನಗೆ ಕಾಲೇ ಏಳಲಿಲ್ಲ.

ಹುಸೇನಪ್ಪನವರು ಕೇಳಿ ಅತ್ತರು, ಆದರೆ ಅತ್ತು ಸುಮ್ಮನೆ ಕೂಡಲಿಲ್ಲ. ಕೊಪ್ಪಳದ ಬಸಣ್ಣನವರಿಗೆ ಹೇಳಿ ಕಳಿಸಿದರು. ಕಣದ ಹೊರಗೆ ಇಬ್ಬರೂ ಎಂದೂ ಮಾತಾಡಿದವರಲ್ಲ. ಆರನೇ ದಿನ ಬೆಳಿಗ್ಗೆ ಇಬ್ಬರೂ ಮುದುಕರು ರುಮಾಲು ಸುತ್ತಿಕೊಂಡು ಸಣ್ಣ ಸಾಹುಕಾರರ ಪಡಸಾಲೆ ಏರಿದರು. ನಾನು ಬಾಗಿಲ ಹಿಂದೆ ನಿಂತೆ.

“ಈಕಿ ನಮ್ಮ ತಾಲೀಮಿನ ಹೆಣ್ಣಮಗಳರಿ,” ಹುಸೇನಪ್ಪನವರು ಶುರು ಮಾಡಿದರು. “ಹನ್ನೆರಡ ವರ್ಷ ಅನ್ನ ಹಾಕ್ಯಾಳ. ಆಕಿನ್ನ ಬೀದಿಗೆ ಹಾಕಬ್ಯಾಡ್ರಿ.”

“ನಿಮ್ಮಾಕಿ ಹೆಂಗಾದ್ಲೋ?” ಬಸಣ್ಣನವರು ಕೂಗಿದರು. “ಮೊದಲ ಕೆಲಸಕ್ಕ ಹಚ್ಚಿದಾವ ನಾನು. ಈಕಿ ಕೊಪ್ಪಳದಾಕಿ.”

“ನೀ ಹಚ್ಚಿದ್ದು ರೊಟ್ಟಿ ಬಡಿಯಾಕ. ಅನ್ನ ಬಸಿಯಾಕ ಕಲಿಸಿದಾವ ನಾನು.”

“ನೀ ಕಲಿಸೋದೇನ ಬಂತೋ, ಗಂಜಿ ಗುರುವೆ!”

“ಗಂಜಿ ಅಂದಿ? ನನ್ನ ಶಿಷ್ಯಾರು ಅದೇ ಗಂಜಿ ಕುಡದು ನಿನ್ನ ಶಿಷ್ಯಾರ ಮ್ಯಾಲ ಮಲಗ್ಯಾರಲ್ಲೋ!”

ಇಬ್ಬರೂ ತಾವು ಏಕೆ ಬಂದಿದ್ದೇವೆಂಬುದನ್ನೇ ಮರೆತರು. ಕೈಗೆ ಕೈ ಹತ್ತಿತು, ಹೆಗಲಿಗೆ ಹೆಗಲು ಹತ್ತಿತು. ಅರವತ್ತು ದಾಟಿದ ಇಬ್ಬರು ವಸ್ತಾದರು ಪಡಸಾಲೆಯಲ್ಲಿ ಕುಸ್ತಿ ಹಿಡಿದರು. ಎಲೆ ಅಡಿಕೆಯ ತಟ್ಟೆ ಹಾರಿತು. ಮಸಿಯ ದೌತಿ ಉರುಳಿ ಸಣ್ಣ ಸಾಹುಕಾರರ ಧೋತರ ನೀಲಿಯಾಯಿತು. ಅವರು ಗಾದಿಯ ಮೇಲೆ ಕಾಲು ಎತ್ತಿಕೊಂಡು ಕೂಗಿದರು, “ಯಪ್ಪಾ, ನಿಮ್ಮ ಕಾಲ ಬೀಳ್ತೀನಿ! ಅಡಿಗಿ ಮನಿ ಆಕಿಗೇ ಇರಲಿ, ಕೋಣಿನೂ ಇರಲಿ! ಮೊದಲ ನೀವು ನನ್ನ ಪಡಸಾಲಿ ಇಳೀರಿ!”

ವಸ್ತಾದರಿಗೆ ಕೇಳಿಸಲಿಲ್ಲ. ಒಬ್ಬರನ್ನೊಬ್ಬರು ಕೆಡವುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ, ಬಿಟ್ಟರೆ ತಾವೇ ಬೀಳುವ ಹೆದರಿಕೆ ಇಬ್ಬರಿಗೂ ಇತ್ತು. ಹಾಗೆಯೇ ಆತುಕೊಂಡು ಏದುಸಿರು ಬಿಡುತ್ತ ನಿಂತರು. ಯಾರಾದರೂ ಏನಾದರೂ ಹೇಳಲೇಬೇಕಿತ್ತು. ಬೇರೆ ಯಾರೂ ಇರಲಿಲ್ಲ. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

“ವಸ್ತಾದ್ರ, ಇಬ್ಬರೂ ಬಿಡ್ರಿ. ನಾ ಕೊಪ್ಪಳದಾಕಿನೂ ಅಲ್ಲ, ಗಂಗಾವತ್ಯಾಕಿನೂ ಅಲ್ಲ. ಸಾಹುಕಾರ್ರು ಅಡಿಗಿ ಮನಿ ನನಗ ಕೊಟ್ಟಾರ, ಇವತ್ತಿಂದ ಅದು ಖಾನಾವಳಿ. ಉಣ್ಣಾವ್ರು ಇದ್ರ ಕೈಕಾಲು ತೊಕ್ಕೊಂಡು ಬರ್ರಿ. ಬಡದಾಡಾವ್ರು ಇಲ್ಲೇ ಇರ್ರಿ.”

ಅಷ್ಟು ಉದ್ದದ ಮಾತನ್ನು ನಾನು ಗಂಡಸರೆದುರು ಅದಕ್ಕೆ ಮೊದಲು ಆಡಿರಲಿಲ್ಲ. ಇಬ್ಬರೂ ಕೈ ಬಿಟ್ಟರು.

ಆ ಖಾನಾವಳಿಯನ್ನು ನಾನು ಇಪ್ಪತ್ತಾರು ವರ್ಷ ನಡೆಸಿದೆ. ಅದರಲ್ಲೇ ನಿಮ್ಮ ಅವ್ವನ ಮದುವೆಯಾಯಿತು. ಅದು ಶುರುವಾದ ದಿನ ಇಬ್ಬರೂ ವಸ್ತಾದರು ಮೊದಲ ಪಂಕ್ತಿಗೇ ಬಂದು ಎದುರುಬದುರು ಕುಳಿತರು. ಬಸಣ್ಣನವರು ಗಂಗಾವತಿಯಲ್ಲೇ ಉಳಿದುಬಿಟ್ಟರು. “ಅವತ್ತ ಮೊದಲ ಕೈ ಬಿಟ್ಟಾವ ನೀನು” ಎಂದು ಇವರು, “ನಾನಲ್ಲ, ನೀನು” ಎಂದು ಅವರು ದಿನಾ ಜಗಳ ತೆಗೆದು, ಕಡೆಗೆ ನನ್ನ ಕಡೆ ತಿರುಗಿ “ನೀ ನೋಡೀಯಲ್ಲ ತಂಗಿ, ಹೇಳು” ಎನ್ನುತ್ತಿದ್ದರು.

ನಾನು ನೋಡಿದ್ದೆ. ಯಾರು ಮೊದಲು ಬಿಟ್ಟರೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಹೇಳಿದ್ದರೆ ಒಬ್ಬರು ಮರುದಿನದಿಂದ ಊಟಕ್ಕೆ ಬರುತ್ತಿರಲಿಲ್ಲ.